ಬಾಬಾ ಯಾಗಾಳನ್ನು ಒಳ್ಳೆ ಅಜ್ಜಿ ಮಾಡಿದ್ದು ಸರಿಯಾ?

ಹಳೇಪುಸ್ತಕ
ಮಗಳು ಲೈಬ್ರರಿಯಿಂದ ಸೋಫಿ ಆಂಡರ್ಸನ್ ಬರೆದ ‘ದಿ ಹೌಸ್ ವಿತ್ ಚಿಕನ್ ಲೆಗ್ಸ್’ ತಂದಿದ್ದಳು. 2018ರ ಇಂಗ್ಲಿಷ್ ಕಾದಂಬರಿ. ಅವಳು ಓದಿ ಇಟ್ಟ ಮೇಲೆ ನಾನೂ ಓದಿದೆ. ಬರವಣಿಗೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ತಕರಾರು ಇದೆ, ಇಲ್ಲಿ ಹಾಕುತ್ತಿದ್ದೇನೆ.

ಬಾಬಾ ಯಾಗಾ ಅಂದರೆ ರಷ್ಯನ್ ಜಾನಪದ ಕತೆಗಳ ಮುದಿ ಮಾಟಗಾತಿ, ಕೋಳಿಕಾಲಿನ ಮೇಲೆ ನಿಂತ ಗುಡಿಸಲು ಅವಳ ಮನೆ. ನಾನು ಅವಳ ಕತೆ ಓದಿದ್ದು ನವಕರ್ನಾಟಕದಲ್ಲಿ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳಲ್ಲಿ. ಅವಳು ಹೇಗಿದ್ದಳು ಅಂದರೆ, ಒಂದು ಕಾಲು ಬರೀ ಮೂಳೆ. ಮಲಗಿದರೆ ಗುಡಿಸಲಿನ ಈ ಮೂಲೆಯಿಂದ ಆ ಮೂಲೆಗೆ ಮುಟ್ಟುತ್ತಾಳೆ, ಮೂಗು ಚಾವಣಿಗೆ ತಾಗುತ್ತದೆ. ಒರಳಲ್ಲಿ ಕೂತು, ಒನಕೆಯಲ್ಲಿ ತಳ್ಳಿಕೊಂಡು ಬರುತ್ತಾಳೆ. ಹಿಂದೆ ಪೊರಕೆ ಹಿಡಿದು ಜಾಡು ಅಳಿಸುತ್ತಾಳೆ. ಸಿಕ್ಕ ಮಕ್ಕಳನ್ನು ಒಲೆಗೆ ಹಾಕುತ್ತಾಳೆ. ರಾತ್ರಿ ಬಚ್ಚಲಿಗೆ ಹೋಗೋಕೂ ಅಮ್ಮ ಜೊತೆಗೆ ಬೇಕಿತ್ತು ನನಗೆ.

ಈ ಕಾದಂಬರಿಯಲ್ಲಿ ಅವಳು ಪ್ರೀತಿಯ ಅಜ್ಜಿ. ರಾತ್ರಿಯಾದರೆ ಸತ್ತವರು ಮನೆಗೆ ಬರುತ್ತಾರೆ. ಅವರಿಗೆ ಊಟ ಹಾಕಿ, ಹಾಡಿ ಕುಣಿದು, ಬಾಗಿಲು ದಾಟಿಸಿ ನಕ್ಷತ್ರಗಳ ಕಡೆ ಕಳಿಸುತ್ತಾಳೆ. ಮೊಮ್ಮಗಳು ಮಾರಿಂಕಾಗೆ 12 ವರ್ಷ. ಮುಂದೆ ಅವಳೂ ಯಾಗಾ ಆಗಬೇಕು, ಇದೇ ಕೆಲಸ ಮಾಡಬೇಕು. ಅವಳಿಗೋ ಬದುಕಿರುವ ಗೆಳೆಯರು ಬೇಕು. ಕೋಳಿಕಾಲಿನ ಮನೆ ವರ್ಷದಲ್ಲಿ ಎರಡು ಮೂರು ಸಲ ಹೇಳದೆ ಕೇಳದೆ ಎದ್ದು ಬೇರೆ ದೇಶಕ್ಕೆ ನಡೆದುಬಿಟ್ಟರೆ ಗೆಳೆಯರು ಎಲ್ಲಿಂದ ಸಿಗಬೇಕು?

ಕತೆ ಒಳ್ಳೆಯದೇ. ಆದರೆ ಇವಳು ಬಾಬಾ ಯಾಗಾನಾ? ಹೆದರಿಸೋ ಮುದುಕಿಯ ಹಲ್ಲು ಕಿತ್ತು ಕೂರಿಸಿದ್ದಾರೆ ಅಷ್ಟೇ. ನಿಮಗೇನನ್ನಿಸುತ್ತೆ?

ಓದುಗುಳಿ
ಈಗಿನ ಮಕ್ಕಳ ಪುಸ್ತಕದಲ್ಲಿ ಕೆಟ್ಟವರೇ ಇಲ್ಲ ಬಿಡಿ. ರಾಕ್ಷಸನಿಗೂ ಚಿಕ್ಕಂದಿನಲ್ಲಿ ಏನೋ ನೋವಾಗಿರುತ್ತೆ.

ಕಡಲತಡಿ
ಓದುಗುಳಿ, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ ಮಾರಾಯ್ರೆ.

ಜಾನಪದ_ಜಗಲಿ
ಹಳೇಪುಸ್ತಕ ಅವರೇ, ಒಪ್ಪೋದಿಲ್ಲ. ನೀವು ಅರ್ಧ ಯಾಗಾಳನ್ನು ಮಾತ್ರ ನೆನಪಿಟ್ಟುಕೊಂಡಿದ್ದೀರಿ, ಹೆದರಿಸಿದ ಅರ್ಧ.

ವಸಿಲಿಸಾ ಕತೆ ತಗೊಳ್ಳಿ. ತಾಯಿ ಸಾಯುವಾಗ ಮಗಳ ಕೈಗೆ ಒಂದು ಗೊಂಬೆ ಕೊಡುತ್ತಾಳೆ. ಕಷ್ಟ ಬಂದಾಗ ಇದಕ್ಕೆ ತಿನ್ನಿಸಿ ಕೇಳು ಅನ್ನುತ್ತಾಳೆ. ಮಲತಾಯಿ ಮನೆಯಲ್ಲಿ ದೀಪ ಆರುತ್ತದೆ, ಬೆಂಕಿ ತರೋಕೆ ಹುಡುಗಿಯನ್ನು ಯಾಗಾಳ ಹತ್ತಿರ ಅಟ್ಟುತ್ತಾರೆ. ದಾರಿಯಲ್ಲಿ ಬಿಳಿ ಸವಾರ ಹೋಗುತ್ತಾನೆ, ಬೆಳಗಾಗುತ್ತದೆ. ಕೆಂಪು ಸವಾರ ಹೋಗುತ್ತಾನೆ, ಸೂರ್ಯ ಬರುತ್ತಾನೆ. ಕಪ್ಪು ಸವಾರ ಹೋದರೆ ರಾತ್ರಿ. ಮೂವರೂ ಯಾಗಾಳ ಆಳುಗಳು. ಹಗಲು ರಾತ್ರಿಯನ್ನೇ ಆಳಾಗಿ ಇಟ್ಟುಕೊಂಡವಳು ಬರೀ ಮಕ್ಕಳು ತಿನ್ನೋ ಮುದುಕಿ ಹೇಗಾಗುತ್ತಾಳೆ?

ಆ ಮನೆಯ ಗೇಟು ನೆನಪಿದೆಯಾ? ಕಂಬದ ಬದಲು ಮನುಷ್ಯರ ಕಾಲು, ಅಗುಳಿಯ ಬದಲು ಕೈ, ಬೀಗದ ಬದಲು ಚೂಪು ಹಲ್ಲಿನ ಬಾಯಿ. ಒಳಗೆ ಹೋದ ಮೇಲೆ ಕೆಲಸ ಕೊಡುತ್ತಾಳೆ. ಅಂಗಳ ಗುಡಿಸು, ಅಡುಗೆ ಮಾಡು, ಬಟ್ಟೆ ಒಗೆ, ಗೋಧಿ ಹಸನು ಮಾಡು, ಮಣ್ಣು ಬೆರೆತ ಗಸಗಸೆಯನ್ನು ಒಂದೊಂದೇ ಕಾಳು ಆರಿಸು. ಗೊಂಬೆ ಎಲ್ಲ ಮಾಡಿಕೊಡುತ್ತದೆ. ಕೊನೆಗೆ ಯಾಗಾ ಹುಡುಗಿಯನ್ನು ತಿನ್ನೋದಿಲ್ಲ. ತಾಯಿಯ ಆಶೀರ್ವಾದ ಇರೋಳು ನನ್ನ ಮನೆಯಲ್ಲಿ ಬೇಡ ಅಂತ ಹೊರಗೆ ದಬ್ಬುತ್ತಾಳೆ. ಬೇಲಿಯಿಂದ ಕಣ್ಣು ಉರಿಯುವ ಬುರುಡೆ ಕಿತ್ತು ಕೈಗೆ ಕೊಡುತ್ತಾಳೆ, ತಗೋ ನೀನು ಕೇಳಿದ ಬೆಂಕಿ ಅಂತ. ಆ ಬುರುಡೆಯ ಕಣ್ಣು ಮಲತಾಯಿಯನ್ನೂ ಅವಳ ಮಕ್ಕಳನ್ನೂ ಸುಟ್ಟು ಬೂದಿ ಮಾಡುತ್ತದೆ.

ಈಗ ಹೇಳಿ, ಹುಡುಗಿಯನ್ನು ಆ ಮನೆಯಿಂದ ಬಿಡಿಸಿದ್ದು ಯಾರು?

ಹಳೇಪುಸ್ತಕ
ಬಿಡಿಸಿದ್ದು ಗೊಂಬೆ! ಯಾಗಾ ಅಲ್ಲ. ಕೆಲಸ ಮುಗಿಯದಿದ್ದರೆ ತಿಂತೀನಿ ಅಂತ ಬಾಯಿಬಿಟ್ಟೇ ಹೇಳುತ್ತಾಳೆ ಅವಳು. ಕೊಡುತ್ತಾಳೆ ನಿಜ, ಆದರೆ ನಡುಗಿಸಿ ಕೊಡುತ್ತಾಳೆ. ನಾನು ಕೇಳುತ್ತಿರೋದು ಆ ನಡುಕ ಎಲ್ಲಿ ಹೋಯ್ತು ಅಂತ.

ಅಲ್ಲೇ ಇನ್ನೊಂದು ಮಾತು ಬರುತ್ತೆ. ವಸಿಲಿಸಾ ಮನೆ ಹೊರಗೆ ಕಂಡ ಸವಾರರ ಬಗ್ಗೆ ಮಾತ್ರ ಕೇಳುತ್ತಾಳೆ, ಒಳಗೆ ಗಾಳಿಯಲ್ಲಿ ಬಂದು ಕೆಲಸ ಮಾಡೋ ಮೂರು ಜೊತೆ ಕೈಗಳ ಬಗ್ಗೆ ಬಾಯಿ ಬಿಡೋದಿಲ್ಲ. ಯಾಗಾ ಮೆಚ್ಚುತ್ತಾಳೆ. ಮನೆ ಗುಟ್ಟು ಹೊರಗೆ ಹೋಗೋದು ನನಗಾಗಲ್ಲ, ಜಾಸ್ತಿ ಕೆದಕೋರನ್ನ ತಿಂದುಬಿಡ್ತೀನಿ ಅನ್ನುತ್ತಾಳೆ. ಆ ಕೈಗಳು ಯಾರವು ಅಂತ ಕತೆ ಕೊನೆವರೆಗೂ ಹೇಳೋದಿಲ್ಲ. ಹೊಸ ಕಾದಂಬರಿ ಎಲ್ಲವನ್ನೂ ಹೇಳಿಬಿಡುತ್ತೆ. ಬೇಲಿ ಯಾಕೆ, ಬುರುಡೆ ಯಾಕೆ, ಊಟ ಯಾಕೆ. ಎಲ್ಲದಕ್ಕೂ ಕಾರಣ.

ಜಾನಪದ_ಜಗಲಿ
ಆ ಕಾರಣಗಳು ಲೇಖಕಿ ಗಾಳಿಯಿಂದ ತಂದವಲ್ಲ. ರಷ್ಯನ್ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1946ರಲ್ಲೇ ಈ ಕತೆಗಳ ಬೇರು ಹುಡುಕಿ ಒಂದು ಪುಸ್ತಕ ಬರೆದ. ಯಾಗಾಳ ಗುಡಿಸಲು ಬದುಕಿದವರ ಲೋಕಕ್ಕೂ ಸತ್ತವರ ಲೋಕಕ್ಕೂ ನಡುವಿನ ಗಡಿ ಅನ್ನೋದು ಅವನ ವಾದ. ಅದಕ್ಕೇ ಕತೆಯ ಹುಡುಗ ಬಂದು ‘ಗುಡಿಸಲೇ ಗುಡಿಸಲೇ, ಕಾಡಿಗೆ ಬೆನ್ನು ಹಾಕು, ನನಗೆ ಮುಖ ಮಾಡು’ ಅನ್ನಬೇಕು. ಸುತ್ತಿ ಬಂದು ಒಳಗೆ ಹೋಗೋ ಹಾಗಿಲ್ಲ. ಗಡಿ ಅಲ್ವಾ, ಕಾವಲುಗಾರಳನ್ನು ದಾಟಿಯೇ ಹೋಗಬೇಕು.

ಒಳಗೆ ಹೋದ ಕೂಡಲೇ ಯಾಗಾ ಮೂಗು ಸೆಳೆಯುತ್ತಾಳೆ, ರಷ್ಯನ್ ವಾಸನೆ ಬರ್ತಿದೆ ಅಂತ. ಸತ್ತವರಿಗೆ ಬದುಕಿದವರ ವಾಸನೆ ಹೊಡೆಯುತ್ತೆ ಅನ್ನೋದು ಪ್ರಾಪ್ ಕೊಡೋ ಅರ್ಥ. ಹುಡುಗ ಹೆದರೋದಿಲ್ಲ. ಮೊದಲು ಊಟ ಹಾಕು, ಸ್ನಾನಕ್ಕೆ ನೀರು ಕಾಯಿಸು, ಆಮೇಲೆ ಕೇಳು ಅಂತ ಗದರಿಸುತ್ತಾನೆ. ಯಾಗಾ ಊಟ ಹಾಕುತ್ತಾಳೆ. ಆ ಊಟ ತಿಂದ ಮೇಲೆ ಆಚೆ ಲೋಕದ ದಾರಿ ತೆರೆಯುತ್ತೆ.

ಕಾದಂಬರಿಯಲ್ಲಿ ಸತ್ತವರಿಗೆ ಹಾಕೋ ಊಟ ಇದೇ ತಾನೇ? ಹಾಗಾಗಿ ಆಂಡರ್ಸನ್ ಯಾಗಾಳನ್ನು ಬದಲಾಯಿಸಿಲ್ಲ. ತಿನ್ನೋಳನ್ನು ಬಿಟ್ಟು ಬಾಗಿಲು ಕಾಯೋಳನ್ನು ಆರಿಸಿಕೊಂಡಿದ್ದಾರೆ.

ಗಿರಣಿಚಾಳ_ಹುಬ್ಬಳ್ಳಿ
ಹೌದ್ರಿ! ನಮ್ಮ ಅಜ್ಜಿ ಹೇಳೋ ಕತಿಯೊಳಗೂ ರಾಕ್ಷಸ ಮನಿಗೆ ಬಂದಕೂಡಲೇ ‘ನರವಾಸನೆ, ನರವಾಸನೆ’ ಅಂತಿದ್ದ.

ಓದುಗುಳಿ
ಅಷ್ಟೇ ಅಲ್ಲ. ಕೊಶ್ಚೇಯ್ ಅಂತ ಒಬ್ಬ ಸಾಯದ ಖಳ ಇದ್ದಾನಲ್ಲ ರಷ್ಯನ್ ಕತೆಗಳಲ್ಲಿ. ಅವನ ಸಾವು ಸೂಜಿಯ ತುದಿಯಲ್ಲಿ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಓಕ್ ಮರದ ಮೇಲೆ. ನಮ್ಮಲ್ಲಿ ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ. ಬಾಲ್ಯದಲ್ಲಿ ಎರಡನ್ನೂ ಕೇಳಿ ಯಾವುದು ಎಲ್ಲಿಯದು ಅಂತ ಕಲಸುಮೇಲೋಗರ ಆಗಿತ್ತು.

ಕಪ್ಪೆ ರಾಜಕುಮಾರಿ ಕತೆಯಲ್ಲಿ ಆ ಸೂಜಿಯ ಗುಟ್ಟನ್ನು ಕಥಾನಾಯಕ ಇವಾನನಿಗೆ ಹೇಳಿಕೊಡೋದು ಯಾರು ಹೇಳಿ? ಯಾಗಾನೇ. ಜಗಲಿ ಅವರಿಗೆ ಇನ್ನೊಂದು ಅಂಕ.

ತಿಪಟೂರು_ಟೀಚರ್
ನೀವೆಲ್ಲ ಜಾನಪದ ಮಾತಾಡಿ, ನನ್ನದು ಬೇರೆ ಪ್ರಶ್ನೆ. ನಮ್ಮ ಮನೆಯಲ್ಲಿ ಈ ವರ್ಷ ಮಾವ ತೀರಿಕೊಂಡರು. ಮಗನಿಗೆ ಒಂಬತ್ತು ವರ್ಷ, ತಾತನ ಜೊತೆಯೇ ಮಲಗುತ್ತಿದ್ದ. ಪುಸ್ತಕ ತುಂಬ ಸತ್ತವರೇ ಬರುತ್ತಾರೆ ಅಂತೀರಿ. ಇಂಥದ್ದು ಈಗ ಓದಿಸಬಹುದಾ? ಅವನು ಕೇಳೋದು ಒಂದೇ, ತಾತ ಎಲ್ಲಿಗೆ ಹೋದರು ಅಂತ. ದೇವರ ಹತ್ತಿರ ಅಂದರೆ ಅದು ಯಾವ ಊರು ಅನ್ನುತ್ತಾನೆ.

ಕಡಲತಡಿ
ಟೀಚರಮ್ಮ, ನಾನು ಓದಿಸಿ ಅಂತಲೇ ಹೇಳುವುದು. ಇದರಲ್ಲಿ ಸತ್ತವರು ದೆವ್ವದ ಹಾಗೆ ಬರುವುದಿಲ್ಲ. ಸಂಜೆ ಬೇಲಿಯ ಬುರುಡೆಗಳಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ, ಆ ಬೆಳಕು ನೋಡಿ ನೆಂಟರ ಹಾಗೆ ಬರುತ್ತಾರೆ. ಉಂಡು, ಕುಡಿದು, ತಮ್ಮ ಬದುಕಿನ ಕತೆ ಹೇಳಿಕೊಳ್ಳುತ್ತಾರೆ. ಬಾಗಿಲಲ್ಲಿ ಬಾಬಾ ಒಬ್ಬೊಬ್ಬರಿಗೂ ನೀವು ಈ ಭೂಮಿಯಿಂದ ಏನನ್ನು ಜೊತೆಗೆ ಒಯ್ಯುತ್ತಿದ್ದೀರಿ ಅಂತ ಹೇಳಿ ಕಳಿಸುತ್ತಾಳೆ. ಅಷ್ಟು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ, ಸುಳ್ಳು ಯಾಕೆ ಹೇಳಲಿ.

ಆದರೆ ಒಂದು ಎಚ್ಚರ. ನೀನಾ ಅನ್ನುವ ಸತ್ತ ಹುಡುಗಿ ಬರುತ್ತಾಳೆ. ಮಾರಿಂಕಾ ಗೆಳತಿಯ ಆಸೆಗೆ ಅವಳನ್ನು ಬಾಗಿಲು ದಾಟಿಸದೆ ಉಳಿಸಿಕೊಳ್ಳುತ್ತಾಳೆ. ಅದರಿಂದ ಮನೆಯಲ್ಲಿ ದೊಡ್ಡ ಅನಾಹುತ ಆಗುತ್ತದೆ. ಅಲ್ಲಿ ಮಗು ಅಳಬಹುದು. ಅವನೊಬ್ಬನೇ ಓದುವುದು ಬೇಡ, ನೀವು ಪಕ್ಕದಲ್ಲಿ ಕೂತು ಓದಿ.

ಮಲೆನಾಡ_ಮಳೆ
ಅನಾಹುತ ಅಂದ್ರೆ ಬಾಬಾ ನೀನಾಳನ್ನು ಕರೆದುಕೊಂಡು ತಾನೂ ಬಾಗಿಲು ದಾಟಿ ಹೋಗ್ತಾಳೆ, ವಾಪಸ್ ಬರೋದೇ ಇಲ್ಲ. ಆಮೇಲೆ ಗೊತ್ತಾಗುತ್ತೆ ಮಾರಿಂಕಾ ಕೂಡ

ಓದುಗುಳಿ
ಅಯ್ಯೋ ನಿಲ್ಸಿ! ಓದಿರದವರು ಇದ್ದಾರೆ ಇಲ್ಲಿ.

ಮಲೆನಾಡ_ಮಳೆ
2018ರ ಪುಸ್ತಕ ರೀ. ಇಷ್ಟು ವರ್ಷವಾದ ಮೇಲೂ ಗುಟ್ಟಾ? ಅದೂ ಅಲ್ಲದೆ ಟೀಚರ್ ಕೇಳಿರೋದೇ ಮಗನಿಗೆ ಓದಿಸಬಹುದಾ ಅಂತ. ಏನಾಗುತ್ತೆ ಅಂತ ಹೇಳದೆ ಹೇಗೆ ಉತ್ತರ ಕೊಡೋದು?

ನಿರ್ವಾಹಕ
ಕೊನೆಯ ಗುಟ್ಟು ಬೇಕಾದವರು ಖಾಸಗಿ ಸಂದೇಶದಲ್ಲಿ ಕೇಳಿಕೊಳ್ಳಿ. ಅರ್ಧ ವಾಕ್ಯ ಹಾಗೇ ಇರಲಿ, ಚೆನ್ನಾಗಿದೆ.

ತಿಪಟೂರು_ಟೀಚರ್
ನನಗೆ ಮಳೆ ಅವರು ಸಂದೇಶ ಕಳಿಸಿದರು, ಥ್ಯಾಂಕ್ಸ್. ಈಗ ಇನ್ನೂ ಯೋಚನೆ ಆಯ್ತು. ಅಜ್ಜಿ ಹೋದವಳು ಬರೋದಿಲ್ಲ ಅನ್ನೋದು ಸುಳ್ಳು ಸಮಾಧಾನಕ್ಕಿಂತ ಮೇಲು ಅನ್ನಿಸುತ್ತೆ. ಯಜಮಾನರು ಬೇಡವೇ ಬೇಡ ಅಂತಿದ್ದಾರೆ.

ಹಳೇಪುಸ್ತಕ
ಟೀಚರ್, ನನ್ನ ತಕರಾರು ಬೇರೆ, ನಿಮ್ಮ ವಿಷಯಕ್ಕೆ ನಾನೂ ಓದಿಸಿ ಅಂತಲೇ ಹೇಳುತ್ತೇನೆ. ನನ್ನ ಮಗಳು ಅತ್ತಿದ್ದು ಬಾಬಾ ಹೋದಾಗ ಅಲ್ಲ. ಮನೆಗೆ ಪೆಟ್ಟಾಗಿ, ಗೋಡೆ ಬಿರುಕು ಬಿಡುತ್ತಲ್ಲ, ಆವಾಗ.

ಕಡಲತಡಿ
ಅದೇ ನೋಡಿ! ಈ ಪುಸ್ತಕದಲ್ಲಿ ನಿಜವಾದ ಪಾತ್ರ ಅಂದರೆ ಮನೆ. ಕೋಪ ಮಾಡಿಕೊಳ್ಳುತ್ತದೆ, ಮುನಿಸಿಕೊಳ್ಳುತ್ತದೆ, ಮಾರಿಂಕಾ ಜೊತೆ ಆಟ ಆಡುತ್ತದೆ. ಹಳೆ ಕತೆಯ ಗುಡಿಸಲು ಬರೀ ತಿರುಗುತ್ತದೆ, ಇಷ್ಟು ಮನಸ್ಸು ಅದಕ್ಕಿಲ್ಲ. ನನಗೆ ಅನಿಸುವುದು ಇದರಲ್ಲಿ ದೊಮೊವೊಯ್ ಬೆರೆತಿದೆ ಅಂತ. ರಷ್ಯನ್ನರ ಮನೆ ಕಾಯುವ ಪುಟ್ಟ ಮುದುಕ ಅದು, ಒಲೆಯ ಹಿಂದೆ ಇರುತ್ತಾನೆ. ಮನೆ ಬದಲಿಸುವಾಗ ಹಳೆ ಒಲೆಯ ಕೆಂಡ ತೆಗೆದುಕೊಂಡು ಹೋಗಿ, ಬಾರಪ್ಪ ನೀನೂ ನಮ್ಮ ಜೊತೆ ಅಂತ ಕರೆಯುವ ಪದ್ಧತಿ ಇತ್ತು. ಕರೆಯದೆ ಹೋದರೆ ಹಳೆ ಮನೆಯಲ್ಲಿ ಕೂತು ಅಳುತ್ತಾನಂತೆ.

ಗಿರಣಿಚಾಳ_ಹುಬ್ಬಳ್ಳಿ
ಮನಿಗೆ ಕೋಳಿಕಾಲು ಯಾಕ್ ಬಂತು ಯಾರರ ಹೇಳ್ರಿ. ಆನೆಕಾಲು ಕೊಟ್ಟಿದ್ರ ಗಟ್ಟಿ ಇರ್ತಿತ್ತು.

ಜಾನಪದ_ಜಗಲಿ
ಉತ್ತರದ ಕಾಡುಗಳಲ್ಲಿ ಬೇಟೆಗಾರರು ದವಸ, ಮಾಂಸ ಇಡೋಕೆ ಕಣಜದಂಥ ಪುಟ್ಟ ಗುಡಿಸಲನ್ನು ಎತ್ತರದಲ್ಲಿ ಕಟ್ಟುತ್ತಿದ್ದರು. ಕಂಬಕ್ಕೆ ಬೇರೆ ಮರ ತರೋದಿಲ್ಲ. ನಿಂತ ಮರವನ್ನೇ ಆಳೆತ್ತರಕ್ಕೆ ಕಡಿದು, ಬುಡದ ಮೇಲೆ ಗುಡಿಸಲು ಕೂರಿಸೋದು. ಕರಡಿ ಹತ್ತಬಾರದಲ್ಲ. ಮಣ್ಣು ಕೊಚ್ಚಿ ಹೋದಾಗ ಬೇರುಗಳು ನಾಲ್ಕು ಕಡೆ ಚಾಚಿಕೊಂಡು ಥೇಟ್ ಕೋಳಿಯ ಪಾದ ಕಾಣುತ್ತೆ. ಸ್ಟಾಕ್‌ಹೋಮ್‌ನ ಸ್ಕಾನ್ಸೆನ್ ಬಯಲು ಮ್ಯೂಸಿಯಂನಲ್ಲಿ, ಯುರೋಪಿನ ಉತ್ತರ ತುದಿಯ ಮೂಲನಿವಾಸಿಗಳಾದ ಸಾಮಿ ಜನರ ಇಂಥದೊಂದು ಕಣಜ ಇದೆ. ಚಿತ್ರ ಹುಡುಕಿ ನೋಡಿ, ಕಿಟಕಿ ಇಲ್ಲ. ರಷ್ಯನ್ ಕವಿ ಪುಷ್ಕಿನ್ ಕೂಡ ‘ರುಸ್ಲಾನ್ ಮತ್ತು ಲ್ಯುದ್ಮಿಲಾ’ಗೆ 1828ರಲ್ಲಿ ಸೇರಿಸಿದ ಮುನ್ನುಡಿ ಪದ್ಯದಲ್ಲಿ ಕಿಟಕಿ ಬಾಗಿಲಿಲ್ಲದ ಕೋಳಿಕಾಲಿನ ಗುಡಿಸಲು ಅಂತಲೇ ಹಾಡುತ್ತಾನೆ.

ಇದೇ ಆಕಾರದ ಗುಡಿಸಲಲ್ಲಿ ಹೆಣ ಇಡುತ್ತಿದ್ದರು, ಅದೇ ಮೂಲ ಅನ್ನೋರೂ ಇದ್ದಾರೆ. ಯಾವುದೋ ಒಂದೇ ಸರಿ ಅಂತ ನಾನಂತೂ ಪಟ್ಟು ಹಿಡಿಯಲ್ಲ.

ಸಂಜೆರಾಗ
ರಷ್ಯನ್ ಸಂಗೀತಗಾರ ಮುಸೋರ್ಗ್‌ಸ್ಕಿ 1874ರ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ನಲ್ಲಿ ಈ ಗುಡಿಸಲಿಗೆ ಒಂದು ತುಣುಕು ಬರೆದಿದ್ದಾನೆ. ಗೆಳೆಯ ಹಾರ್ಟ್‌ಮನ್ ಗಡಿಯಾರಕ್ಕೆ ಅಂತ ಬರೆದ ಚಿತ್ರ ಅದಕ್ಕೆ ಮೂಲ. ಹಳೇಪುಸ್ತಕ ಅವರಿಗೆ ನಡುಕ ಬೇಕಿದ್ದರೆ ಅದನ್ನ ರಾತ್ರಿ ಹೆಡ್‌ಫೋನ್ ಹಾಕಿ ಕೇಳಿ.

ಲೀಡ್ಸ್_ಲಿಂಗರಾಜು
ಇದು ನಾಟಕ ಆಗಿದೆ ಗೊತ್ತಾ? 2022ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶುರುವಾಯ್ತು, ಲೆ ಆನ್‌ಫಾನ್ ತೆರಿಬ್ಲ್ ತಂಡದ್ದು. ಗೊಂಬೆ, ಹಾಡು ಎಲ್ಲ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಚಿಕ್ಕವನು ಅರ್ಧದಲ್ಲಿ ಐಸ್‌ಕ್ರೀಮ್ ಬೇಕು ಅಂತ ಹಟ ಹಿಡಿದ, ದೊಡ್ಡವಳು ಮಾತ್ರ ಕಣ್ಣು ಮಿಟುಕಿಸಲಿಲ್ಲ. ಪುಸ್ತಕವೂ ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡೋ ಕಾರ್ನೆಗಿ ಪದಕದ 2019ರ ಅಂತಿಮ ಪಟ್ಟಿಯಲ್ಲಿತ್ತು. ಲೇಖಕಿ ಹುಟ್ಟಿದ್ದು ವೇಲ್ಸ್‌ನಲ್ಲಿ. ಅವರಿಗೆ ಈ ಕತೆಗಳು ಬಂದಿದ್ದು ಪ್ರಷ್ಯಾ (ಹಳೆಯ ಜರ್ಮನ್ ರಾಜ್ಯ) ಮೂಲದ ಅಜ್ಜಿಯಿಂದ.

ಚಹಾಕಪ್ಪು
ಹಾಗಾದರೆ ರಷ್ಯನ್ ಜಾನಪದ ಅಂತ ಯಾಕೆ ಕರೀತೀರಿ? ಯಾಗಾ ಉಕ್ರೇನ್, ಬೆಲಾರಸ್ ಕತೆಗಳಲ್ಲೂ ಇದ್ದಾಳೆ. ಜೆಕ್, ಸ್ಲೊವಾಕ್ ಕಡೆ ಯೆಜಿಬಾಬಾ ಅಂತಾರೆ, ದ್ವೊರ್ಜಾಕ್‌ನ ‘ರುಸಾಲ್ಕಾ’ ಆಪೆರಾದಲ್ಲಿ ಬರ್ತಾಳೆ. ಬಾಬಾ ಸತ್ತವರಿಗೆ ಬಡಿಸೋ ಬೋರ್ಷ್ಟ್, ಅಂದ್ರೆ ಬೀಟ್‌ರೂಟ್ ಸೂಪ್, ಅಂತೂ ಉಕ್ರೇನಿನದು. 2022ರಲ್ಲಿ ಯುನೆಸ್ಕೋ ಉಕ್ರೇನಿನ ಬೋರ್ಷ್ಟ್ ಅಡುಗೆಯನ್ನ ತುರ್ತಾಗಿ ಉಳಿಸಬೇಕಾದ ಪರಂಪರೆ ಅಂತ ಪಟ್ಟಿಗೆ ಸೇರಿಸಿದೆ.

ಓದುಗುಳಿ
ರಷ್ಯನ್ನರೂ ತಲೆತಲಾಂತರದಿಂದ ಬೋರ್ಷ್ಟ್ ಕುಡೀತಿದ್ದಾರೆ ಸ್ವಾಮಿ.

ಚಹಾಕಪ್ಪು
ಕುಡಿಯೋದು ಬೇರೆ, ನಮ್ಮದು ಅನ್ನೋದು ಬೇರೆ.

ಓದುಗುಳಿ
ಮೈಸೂರು ಪಾಕಿಗೆ ನಡೆದ ಜಗಳ ಸಾಲದಾ ನಿಮಗೆ?

ನಿರ್ವಾಹಕ
ಸಾಕು. ಬೋರ್ಷ್ಟ್‌ಗೆ ಅಡುಗೆ ವಿಭಾಗ ಇದೆ.

ಜಾನಪದ_ಜಗಲಿ
ಚಹಾಕಪ್ಪು ಅವರ ಮಾತಲ್ಲಿ ಸತ್ಯ ಇದೆ. ಯಾಗಾ ಸ್ಲಾವ್ ಜನರ ಆಸ್ತಿ, ಒಂದು ದೇಶದ್ದಲ್ಲ. ರಷ್ಯನ್ ಅನ್ನೋ ಹೆಸರು ಗಟ್ಟಿಯಾಗಿದ್ದು ಜಾನಪದ ಕತೆ ಸಂಗ್ರಹಿಸಿದ ಅಫಾನಾಸ್ಯೆವ್‌ನಿಂದ. 1855ರಿಂದ 1863ರವರೆಗೆ ಬಿಡಿ ಬಿಡಿಯಾಗಿ ಸುಮಾರು 600 ಕತೆ ಅಚ್ಚು ಹಾಕಿದ. ಆ ಸಂಗ್ರಹದಲ್ಲಿ ಉಕ್ರೇನ್, ಬೆಲಾರಸ್ ಕತೆಗಳೂ ಇವೆ.

ಅವನದೇ ಒಂದು ಕತೆ. ಮಾಸ್ಕೋದಲ್ಲಿ ವಿದೇಶಾಂಗ ದಾಖಲೆಗಳ ಕಚೇರಿಯಲ್ಲಿ ನೌಕರಿ. ಸಂತರ ಬಗ್ಗೆ ಹಳ್ಳಿಯವರು ಹೇಳೋ ಕತೆಗಳನ್ನ 1859ರಲ್ಲಿ ಪುಸ್ತಕ ಮಾಡಿದ, ಚರ್ಚಿನವರು ಸಿಟ್ಟಾಗಿ ಅದು ನಿಷೇಧವಾಯ್ತು. 1862ರಲ್ಲಿ ಕೆಲಸ ಹೋಯ್ತು. ಹೊಟ್ಟೆಪಾಡಿಗೆ ತನ್ನ ಪುಸ್ತಕಗಳನ್ನೇ ಮಾರಿದ. 1871ರಲ್ಲಿ ಬಡತನದಲ್ಲೇ ಸತ್ತ. ಇವತ್ತು ಯಾಗಾಳ ಹೆಸರಲ್ಲಿ ದುಡ್ಡು ಮಾಡೋ ಪ್ರತಿಯೊಬ್ಬರೂ ಅವನಿಗೆ ಬಾಕಿ.

ಮಲೆನಾಡ_ಮಳೆ
ಹಳೇಪುಸ್ತಕ ಅವರೇ, ನೀವು ಹೇಳೋ ಸೋವಿಯತ್ ಪುಸ್ತಕದಲ್ಲಿ ಚಿತ್ರ ಬಿಲಿಬಿನ್‌ದಾ? ಕಪ್ಪು ಗೆರೆ ದಪ್ಪಗೆ, ಸುತ್ತ ಅಂಚಿನಲ್ಲಿ ಅಣಬೆ, ಹಕ್ಕಿ?

ಹಳೇಪುಸ್ತಕ
ಅವನದೇ! ಬುರುಡೆ ಸಿಕ್ಕಿಸಿದ ಕೋಲು ಹಿಡಿದ ವಸಿಲಿಸಾ, ಹಿಂದೆ ಗುಡಿಸಲು. 1900ರ ಸುಮಾರಿಗೆ ಬರೆದ ಚಿತ್ರಗಳು. ಆ ಮನುಷ್ಯ 1942ರಲ್ಲಿ ಲೆನಿನ್‌ಗ್ರಾದ್ ಮುತ್ತಿಗೆಯಲ್ಲಿ ತೀರಿಕೊಂಡ ಅಂತ ಆಮೇಲೆ ಓದಿದೆ.

ಈಗ ಜಗಲಿ ಅವರಿಗೆ. ನಿಮ್ಮ ಪ್ರಾಪ್, ಗಡಿ, ಊಟ, ಎಲ್ಲ ಒಪ್ಪಿದೆ ಅಂತಿಟ್ಟುಕೊಳ್ಳಿ. ಯಾಗಾ ಬಾಗಿಲು ಕಾಯೋಳೇ ಸರಿ. ಆದರೆ ಹಳೆ ಕತೆಯಲ್ಲಿ ಸಾವು ಅಂದರೆ ಹಲ್ಲಿರೋ ಬೀಗ. ಇಲ್ಲಿ ಸಾವು ಅಂದರೆ ಔತಣದ ಮನೆ. ಹತ್ತು ವರ್ಷದ ಮಗುವಿಗೆ ಯಾವುದು ನಿಜ ಹೇಳುತ್ತೆ?

ಜಾನಪದ_ಜಗಲಿ
ಪೂರ್ತಿ ಓದಿದ್ದೀರಿ ತಾನೇ? ಔತಣ ಮುಗಿದ ಮೇಲೆ ಉಳಿದವಳ ಪಾಡೇನು ಅನ್ನೋದೇ ಅರ್ಧ ಪುಸ್ತಕ. ತಾನು ಮಾಡಿದ ಒಂದು ಕೆಲಸದಿಂದ ಅಜ್ಜಿ ಹೋದಳು ಅಂತ ಮಾರಿಂಕಾ ಒದ್ದಾಡೋದು, ಸುಳ್ಳು ಹೇಳೋದು, ಮನೆಯ ಮೇಲೆ ರೇಗೋದು, ಇದೆಲ್ಲ ಹಲ್ಲಿನ ಬೀಗಕ್ಕಿಂತ ಕಮ್ಮಿ ಹೆದರಿಕೆಯಾ? ನಡುಕ ಯಾಗಾಳಿಂದ ಎದ್ದು ಹುಡುಗಿಯ ಒಳಗೆ ಕೂತಿದೆ. ವಸಿಲಿಸಾ ಒಂದೂ ತಪ್ಪು ಮಾಡೋದಿಲ್ಲ, ಎಲ್ಲ ಗೊಂಬೆ ಮಾಡಿಕೊಡುತ್ತೆ. ಮಾರಿಂಕಾಗೆ ಗೊಂಬೆ ಇಲ್ಲ.

ಹಳೇಪುಸ್ತಕ
ಗೊಂಬೆ ಇಲ್ಲ ಅನ್ನೋ ಮಾತು ಚೆನ್ನಾಗಿದೆ. ಆದರೂ ನನಗೆ ಹಲ್ಲು ಬೇಕು.

ಕಡಲತಡಿ
ಹಲ್ಲು ಬೇಕಾದವರಿಗೆ ಅಫಾನಾಸ್ಯೆವ್ ಇದ್ದಾನೆ, ಎರಡನ್ನೂ ಓದಿಸಿದರೆ ಆಯಿತಲ್ಲ ಮಾರಾಯ್ರೆ. ಜಗಳ ಯಾಕೆ?

ಓದುಗುಳಿ
ಜಗಳ ಇಲ್ಲದಿದ್ದರೆ ಈ ಗುಂಪಲ್ಲಿ ಯಾರು ಇರ್ತಾರೆ?

ಗಿರಣಿಚಾಳ_ಹುಬ್ಬಳ್ಳಿ
ಇಂಥಾದ್ದು ಕನ್ನಡದಾಗ ಯಾಕ್ ಬರವಲ್ದು? ಬ್ರಹ್ಮರಾಕ್ಷಸ ಅದಾನ, ಯಕ್ಷಿ ಅದಾಳ. ಒಂದು ಮುನ್ನೂರು ಪುಟದ ಮಕ್ಕಳ ಕಾದಂಬರಿ ಯಾರರ ಬರೀರಿ. ನೀತಿಕತಿ ಬ್ಯಾಡ.

ಮಲೆನಾಡ_ಮಳೆ
ಬರೆದರೆ ಕೊಳ್ಳೋರು ಬೇಕಲ್ಲ. ಮೊದಲು ನೀವು ಹತ್ತು ಪ್ರತಿ ಬುಕ್ ಮಾಡಿ, ನಾನು ನಾಳೆಯೇ ಶುರು ಮಾಡ್ತೀನಿ.

ತಿಪಟೂರು_ಟೀಚರ್
ನಿನ್ನೆಯಿಂದ ಶುರು ಮಾಡಿದೆವು, ನಾನೇ ಓದಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಯಜಮಾನರು ಪಕ್ಕದ ರೂಮಲ್ಲಿ ಟಿವಿ ಸೌಂಡ್ ಕಮ್ಮಿ ಮಾಡಿ ಕೇಳಿಸಿಕೊಳ್ಳುತ್ತಿದ್ದರು, ಕೇಳಿದರೆ ಇಲ್ಲ ಅಂತಾರೆ. ಮಗನ ಮೊದಲ ಪ್ರಶ್ನೆ, ಅಷ್ಟು ದೂರ ನಡೆಯೋ ಮನೆಯಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ. ಯಾರಾದರೂ ಹೇಳಿ.

ಲೀಡ್ಸ್_ಲಿಂಗರಾಜು
ನಾಟಕದಲ್ಲೂ ಅದನ್ನ ತೋರಿಸಲಿಲ್ಲ ಟೀಚರ್. ಇದು ಮುಗಿದ ಮೇಲೆ ಅದೇ ಲೇಖಕಿಯ ‘ದಿ ಗರ್ಲ್ ಹೂ ಸ್ಪೀಕ್ಸ್ ಬೇರ್’ ಕೊಡಿಸಿ, 2019ರದು. ಕರಡಿ ಗುಹೆಯಲ್ಲಿ ಸಿಕ್ಕ ಹುಡುಗಿಗೆ ಒಂದು ದಿನ ಬೆಳಿಗ್ಗೆ ಕರಡಿ ಕಾಲು ಬಂದಿರುತ್ತೆ.

ಗಿರಣಿಚಾಳ_ಹುಬ್ಬಳ್ಳಿ
ಮತ್ತ ಕಾಲೇನ್ರಿ? ಈ ಲೇಖಕಿಗೆ ಕಾಲಿನ ಮ್ಯಾಲ ಭಾಳ ಪ್ರೀತಿ ಕಾಣಸ್ತದ.